ನೋವಿನ ಗುಳಿಗೆಯೂ ಯಕೃತ್ತೂ



ಚಳಿ ಹಿಂದಾಗಿ ಬಿಸಿಲು ಬಲಿಯತೊಡಗುವ ಹೊತ್ತಿಗೆ ಕೊಟ್ಟೂರಿನ ತೇರಿಗೆಂದು ಕಾಲ್ನಡಿಗೆಯಲ್ಲಿ ಹೊರಟ ಭಕ್ತರ ಸಾಲನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಕೆಲವರು ಆ ಸಾಲಿನಲ್ಲಿ ನಡೆದೂ ಇರಬಹುದು. ದಾವಣಗೆರೆಯ ಕಡೆಯಿಂದ, ಹರಪನಹಳ್ಳಿಯ ಕಡೆಯಿಂದ, ಇನ್ನೂ ದೂರದ ಊರುಗಳಿಂದ ಜನ ಬರುತ್ತಾರೆ. ದಾರಿಯುದ್ದಕ್ಕೂ ಚಪ್ಪರಗಳು. ಒಂದು ಕಡೆ ಮಂಡಕ್ಕಿ, ಒಂದು ಕಡೆ ಮಜ್ಜಿಗೆ, ಒಂದು ಕಡೆ ಕಾಲು ತೊಳೆಯಲು ಬಿಸಿನೀರು. ಕೆಲವು ವರ್ಷಗಳ ಹಿಂದೆ ಅಂಥದೊಂದು ಚಪ್ಪರದ ಮುಂದೆ ನಾನು ನಿಂತಿದ್ದಾಗ ಹದಿನೆಂಟು ಹತ್ತೊಂಬತ್ತರ ಹುಡುಗನೊಬ್ಬ ಬುಟ್ಟಿಯಲ್ಲಿ ಗುಳಿಗೆಗಳನ್ನು ಇಟ್ಟುಕೊಂಡು ಬಾಳೆಹಣ್ಣು ಹಂಚಿದಂತೆ ಹಂಚುತ್ತಿದ್ದ. ಹಾಳೆಯಿಂದ ಒಂದೊಂದಾಗಿ ಕತ್ತರಿಸಿದ ತುಣುಕುಗಳು. ಹೆಸರು ಯಾವುದರ ಮೇಲೂ ಪೂರ್ತಿಯಾಗಿ ಉಳಿದಿರಲಿಲ್ಲ. "ಇದು ಯಾವ ಗುಳಿಗೆಯಪ್ಪಾ?" ಎಂದು ಕೇಳಿದೆ. "ಕಾಲುನೋವಿಂದು ಸರ್. ಎರಡು ತಗೋರಿ, ಬೆಳಗಿನ ತನಕ ನಡೀಬಹುದು" ಎಂದ. ಅವನ ಮುಖದಲ್ಲಿ ಸೇವೆಯ ಸಂತೋಷವಲ್ಲದೆ ಬೇರೇನೂ ಇರಲಿಲ್ಲ.

ಆ ಗುಳಿಗೆಯ ಕಥೆಯನ್ನು ಈ ಹೊತ್ತು ನಿಮಗೆ ಹೇಳಬೇಕೆಂದಿದ್ದೇನೆ. ಜೀವಮಾನವೆಲ್ಲ ಹಳಗನ್ನಡ ಪಾಠ ಹೇಳಿದ ಮೇಷ್ಟರಿಗೆ ವೈದ್ಯದ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು. ಕನ್ನಡ ಸಾಹಿತ್ಯಕ್ಕೆ ವೈದ್ಯ ಹೊರಗಿನ ವಿಷಯವೇನಲ್ಲ. 12ನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥ ಕನ್ನಡದಲ್ಲಿ 'ಕರ್ಣಾಟಕ ಕಲ್ಯಾಣಕಾರಕ'ವನ್ನು ರಚಿಸಿದ. ಅದೇ ಶತಮಾನದ ಕೀರ್ತಿವರ್ಮ ದನಕರುಗಳ ಚಿಕಿತ್ಸೆಯನ್ನು ಕುರಿತು 'ಗೋವೈದ್ಯ'ವನ್ನು ಬರೆದ. 14ನೆಯ ಶತಮಾನದಲ್ಲಿ, ವಿಜಯನಗರದ ಅರಸೊತ್ತಿಗೆ ತಲೆಯೆತ್ತುತ್ತಿದ್ದ ಕಾಲದಲ್ಲಿ, ಮಂಗರಾಜನು 'ಖಗೇಂದ್ರಮಣಿದರ್ಪಣ'ವೆಂಬ ಗ್ರಂಥವನ್ನು ವಿಷವನ್ನೇ ವಸ್ತುವಾಗಿಟ್ಟುಕೊಂಡು ಕಟ್ಟಿದ. ನಾನು ಕೆಲವು ವರ್ಷ ಅದರ ಭಾಗಗಳನ್ನು ತರಗತಿಯಲ್ಲಿ ಓದಿಸಿದ್ದೇನೆ. ಗಿಡಮೂಲಿಕೆಯ ವಿಷ, ಹಾವು ಚೇಳುಗಳ ವಿಷ ಎಂದು ವಿಂಗಡಿಸಿ, ಕುರುಹು ಹೇಳಿ, ಪರಿಹಾರ ಸೂಚಿಸುವ ಆ ಕವಿಯನ್ನು ಓದುವಾಗ ನನಗೆ ಅನಿಸುತ್ತಿದ್ದ ಮಾತು ಇದು: ಅಲ್ಲಿನ ವಿಷಕ್ಕೆ ಒಂದು ಮುಖವಿದೆ, ಕಚ್ಚಿದ್ದು ಗೊತ್ತಾಗುತ್ತದೆ. ಈಗ ನಾನು ಹೇಳಹೊರಟಿರುವುದಕ್ಕೆ ಮುಖವಿಲ್ಲ. ಅದು ಒಳ್ಳೆಯ ಔಷಧವೇ ಆಗಿದ್ದು, ಹೊತ್ತು ಮೀರಿದಾಗ ಮಾತ್ರ ಬೇರೊಂದಾಗುವಂಥದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಅಲ್ಲಿಂದ ಇಲ್ಲಿಗೆ ಬಂತು. ಜಿಲ್ಲೆ ಯಾವುದಾದರೇನು, ಮೈನೋವು ಒಂದೇ. ಮಳೆ ಕೈಕೊಡುವ ಸೀಮೆ. ಶೇಂಗಾ, ಜೋಳ, ಈಗ ಮೆಕ್ಕೆಜೋಳ. ಬಗ್ಗಿ ಕಳೆ ಕೀಳುವವರು, ಮೂಟೆ ಹೊರುವವರು, ಸುಗ್ಗಿ ಮುಗಿದ ಮೇಲೆ ಕಾಫಿ ತೋಟಕ್ಕೂ ಬೆಂಗಳೂರಿನ ಕಟ್ಟಡಗಳಿಗೂ ದುಡಿಯಲು ಹೋಗುವವರು. ಇದರ ಮೇಲೆ ನೆಲದಾಳದ ನೀರಿನ ಫ್ಲೋರೈಡು. ಈ ನೀರು ಎಲುಬನ್ನು ಗಡುಸು ಮಾಡಿ ಕೀಲನ್ನು ಬಿಗಿಯುತ್ತದೆಂದು ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ. ಬಳ್ಳಾರಿಯೂ ಆಗ ಅದೇ ಪ್ರಾಂತದಲ್ಲಿತ್ತು. ಕೂಡ್ಲಿಗಿಯ ಕಡೆಯ ಹಳ್ಳಿಗಳಲ್ಲಿ ಐವತ್ತು ದಾಟುವ ಮೊದಲೇ ಕೋಲು ಹಿಡಿದವರನ್ನು ನಾನು ಬಾಲ್ಯದಿಂದ ನೋಡಿದ್ದೇನೆ. ಇಂಥ ಜನಕ್ಕೆ ನೋವಿನ ಗುಳಿಗೆ ಚಟವಲ್ಲ. ಮರುದಿನದ ಕೂಲಿಗೆ ಎದ್ದು ನಿಲ್ಲುವ ಉಪಾಯ.

ಇನ್ನು ಯಕೃತ್ತಿನ ವಿಷಯ. ನಮ್ಮ ಪತ್ರಿಕೆಗಳು ಒಮ್ಮೆ ಯಕೃತ್ತು ಎನ್ನುತ್ತವೆ, ಒಮ್ಮೆ ಪಿತ್ತಜನಕಾಂಗ ಎನ್ನುತ್ತವೆ, ಒಮ್ಮೆ ಪಿತ್ತಕೋಶ ಎನ್ನುತ್ತವೆ. ಪಿತ್ತಕೋಶವೆಂದರೆ ಪಿತ್ತವನ್ನು ತುಂಬಿಟ್ಟುಕೊಳ್ಳುವ ಸಣ್ಣ ಚೀಲ. ಯಕೃತ್ತು ಅದನ್ನು ತಯಾರಿಸುವ ದೊಡ್ಡ ಅಂಗ. ಹೆಸರೇ ಹೀಗೆ ಕಲಸಿಹೋಗಿರುವಾಗ ಅದರ ಕಷ್ಟ ಜನಕ್ಕೆ ತಿಳಿಯುವುದು ಹೇಗೆ? ಹಳ್ಳಿಯವರಿಗೆ ಅಂಗದ ಹೆಸರಿಗಿಂತ ರೋಗದ ಹೆಸರು ಹತ್ತಿರ: ಕಾಮಾಲೆ. ಸಂಸ್ಕೃತದ 'ಕಾಮಲಾ' ನಮ್ಮ ಬಾಯಲ್ಲಿ ಕಾಮಾಲೆಯಾಗಿ, ಕಾಮಾಲೆಯ ಕಣ್ಣಿಗೆ ಕಂಡದ್ದೆಲ್ಲ ಹಳದಿಯೆಂಬ ಗಾದೆಯಾಗಿ ನಿಂತಿದೆ. ನಾವು ನುಂಗಿದ ಪ್ರತಿಯೊಂದು ಔಷಧವೂ ಹೊಟ್ಟೆಯಿಂದ ಮೊದಲು ಹೋಗುವುದು ಈ ಯಕೃತ್ತಿನ ಬಾಗಿಲಿಗೆ. ಅದು ಸುಂಕದ ಕಟ್ಟೆಯಿದ್ದಂತೆ. ಬಂದ ಸರಕನ್ನು ಬಿಚ್ಚಿ, ಬದಲಾಯಿಸಿ, ಮುಂದಕ್ಕೆ ಬಿಡುತ್ತದೆ. ಕಟ್ಟೆಯವನಿಗೆ ಏಟು ಬೀಳುವುದು ಅಲ್ಲಿಯೇ.

ಈಗ ಗುಳಿಗೆಯ ವಂಶಾವಳಿಗೆ ಬರೋಣ. ಅದರ ಆರಂಭವೇ ಒಂದು ಕೈತಪ್ಪು. 1886ರ ಸುಮಾರಿನಲ್ಲಿ, ಆಗ ಜರ್ಮನಿಯಲ್ಲಿದ್ದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಕಾನ್ ಮತ್ತು ಹೆಪ್ ಎಂಬ ಇಬ್ಬರು ಎಳೆಯ ವೈದ್ಯರು ಹೊಟ್ಟೆಹುಳುವಿನ ರೋಗಿಗೆ ನಾಫ್ತಲೀನ್ ಕೊಡಬೇಕೆಂದಿದ್ದರು. ಔಷಧದಂಗಡಿಯವನು ತಪ್ಪಿ ಬೇರೊಂದು ಪುಡಿಯನ್ನು ಕಳಿಸಿದ. ಹುಳುವಿನ ಮಾತು ಹಾಗಿರಲಿ, ರೋಗಿಯ ಜ್ವರ ಇಳಿದುಬಿಟ್ಟಿತು. ಆ ಪುಡಿ ಅಸಿಟಾನಿಲೈಡ್, ಬಣ್ಣದ ಉದ್ಯಮದ ವಸ್ತು. 'ಆಂಟಿಫೆಬ್ರಿನ್' ಎಂಬ ಹೆಸರಿನಲ್ಲಿ ಅದು ಮಾರಾಟಕ್ಕೆ ಬಂತು. ಸ್ವಲ್ಪ ಕಾಲದಲ್ಲಿಯೇ ಅದನ್ನು ಸೇವಿಸಿದ ಕೆಲವರ ತುಟಿ ಉಗುರುಗಳು ನೀಲಿಗಟ್ಟಿದ್ದು ಕಂಡುಬಂತು. ರಕ್ತ ಪ್ರಾಣವಾಯುವನ್ನು ಹೊರಲಾರದಂತಾಗುತ್ತಿತ್ತು. ಆಗ ಬೇಯರ್ ಕಂಪನಿಯವರು ತಮ್ಮ ಬಣ್ಣದ ಕಾರ್ಖಾನೆಯಲ್ಲಿ ಬಿದ್ದಿದ್ದ ಮತ್ತೊಂದು ವ್ಯರ್ಥ ಪದಾರ್ಥದಿಂದ ಫೆನಾಸಿಟಿನ್ ಎಂಬ ಸೌಮ್ಯವಾದ ಔಷಧವನ್ನು ಹೊರತಂದರು. ಇದು 1887ರ ವೇಳೆಯ ಮಾತು.

ಇವೆರಡರ ದಾಯಾದಿಯಾದ ಪ್ಯಾರಾಸಿಟಮಾಲ್ ಅಷ್ಟು ಹೊತ್ತಿಗಾಗಲೇ ಹುಟ್ಟಿತ್ತು. ಅಮೆರಿಕದ ಹಾರ್ಮನ್ ಮೋರ್ಸ್ ಎಂಬ ರಸಾಯನಶಾಸ್ತ್ರಜ್ಞ ಅದನ್ನು ತಯಾರಿಸಿ 1878ರಲ್ಲಿ ಪ್ರಕಟಿಸಿದ್ದ. ಔಷಧವೆಂದು ಅದನ್ನು ಪರೀಕ್ಷಿಸಿದವನು 1893ರಲ್ಲಿ ಜರ್ಮನಿಯ ಫಾನ್ ಮೆರಿಂಗ್. ಮೇದೋಜೀರಕ ಗ್ರಂಥಿಗೂ ಸಕ್ಕರೆ ಕಾಯಿಲೆಗೂ ಇರುವ ಸಂಬಂಧವನ್ನು ಮಿಂಕೋವ್‌ಸ್ಕಿಯೊಡನೆ ತೋರಿಸಿಕೊಟ್ಟ ದೊಡ್ಡ ಮನುಷ್ಯ ಈತ. ಆದರೂ ಪ್ಯಾರಾಸಿಟಮಾಲಿನ ಬಗೆಗೆ ಅವನ ತೀರ್ಪು ತಪ್ಪಿತು. ಅದೂ ರಕ್ತವನ್ನು ಕೆಡಿಸುತ್ತದೆ, ಫೆನಾಸಿಟಿನ್ನೇ ಮೇಲು ಎಂದುಬಿಟ್ಟ. ಅವನು ಬಳಸಿದ ಪುಡಿಯಲ್ಲಿ ಕಲಬೆರಕೆ ಇದ್ದಿರಬೇಕೆಂದು ಈಚಿನವರು ಊಹಿಸುತ್ತಾರೆ. ಹಿರಿಯನ ಒಂದು ಮಾತಿನಿಂದ ಒಳ್ಳೆಯದು ಅರ್ಧ ಶತಮಾನ ಮೂಲೆಯಲ್ಲಿ ಬಿದ್ದು, ಕೆಟ್ಟದ್ದು ಪಟ್ಟಕ್ಕೇರಿತು. ಇಂಥದು ಸಾಹಿತ್ಯ ವಿಮರ್ಶೆಯಲ್ಲಿ ನಮಗೆ ಹೊಸದಲ್ಲ. ವಿಜ್ಞಾನದಲ್ಲಿಯೂ ಉಂಟೆಂದು ತಿಳಿದಾಗ ನನಗೆ ಒಂದು ಬಗೆಯ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಫೆನಾಸಿಟಿನ್ ಏನು ಮಾಡಿತೆಂಬುದಕ್ಕೆ ಸ್ವೀಡನ್ ದೇಶದ ಹುಸ್ಕ್‌ವಾರ್ನಾ ಎಂಬ ಊರಿನ ಕಥೆಯನ್ನು ಕೇಳಬೇಕು. ಅಲ್ಲಿ ಬಂದೂಕು, ಹೊಲಿಗೆಯಂತ್ರ ಮುಂತಾದವನ್ನು ಮಾಡುವ ದೊಡ್ಡ ಕಾರ್ಖಾನೆಯಿತ್ತು. 1918ರ ಇನ್‌ಫ್ಲುಯೆಂಜಾ ಬಂದಾಗ ಯೋರ್ಟನ್ ಎಂಬ ವೈದ್ಯರು ಫೆನಾಸಿಟಿನ್, ಫೆನಜೋನ್, ಕೆಫೀನ್ ಬೆರೆಸಿದ ಒಂದು ಪುಡಿಯನ್ನು ಬರೆದುಕೊಟ್ಟರು. ಜ್ವರ ಹೋಯಿತು, ಪುಡಿ ಉಳಿಯಿತು. ಕೆಲಸದ ದಣಿವಿಗೆ ಒಂದು, ತಲೆನೋವಿಗೆ ಒಂದು, ಸುಮ್ಮನೆ ಗೆಲುವಿಗೆ ಒಂದು. ಸಂತೋಷಕೂಟಗಳಲ್ಲಿ ಅದನ್ನು ಎದುರಿಗಿಡುತ್ತಿದ್ದರು. ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಡುತ್ತಿದ್ದರು. ದಶಕಗಳ ಮೇಲೆ ಆ ಊರಿನಲ್ಲಿ ಮೂತ್ರಪಿಂಡ ಕೆಟ್ಟು ಸಾಯುವವರ ಸಂಖ್ಯೆ ಏರಿದುದನ್ನು ವೈದ್ಯರು ಗಮನಿಸಿದರು. ಸ್ವಿಟ್ಜರ್ಲೆಂಡಿನ ಗಡಿಯಾರ ಕಾರ್ಖಾನೆಗಳ ಕೆಲಸಗಾರರಲ್ಲಿಯೂ ಇಂಥದೇ ಕಂಡಿತು. 1953ರಲ್ಲಿ ಅಲ್ಲಿನ ಇಬ್ಬರು ವೈದ್ಯರು ನೋವಿನ ಗುಳಿಗೆಗೂ ಮೂತ್ರಪಿಂಡದ ಹಾನಿಗೂ ಇರುವ ನಂಟನ್ನು ಮುಂದಿಟ್ಟರು. ಕೊಟ್ಟೂರು ದಾರಿಯ ಆ ಹುಡುಗನ ಬುಟ್ಟಿಯನ್ನು ಕಂಡಾಗ ನನಗೆ ನೆನಪಾದದ್ದು ಈ ಹುಸ್ಕ್‌ವಾರ್ನಾದ ಉಡುಗೊರೆ.

ಅದು ದೂರದ ಮಾತೆಂದು ತಿಳಿಯಬೇಡಿ. ಅರವತ್ತು ದಾಟಿದ ಕೇಳುಗರಿಗೆ 'ಎ.ಪಿ.ಸಿ.' ಗುಳಿಗೆಯ ನೆನಪಿರಬೇಕು. ಸರ್ಕಾರಿ ಆಸ್ಪತ್ರೆಗೆ ಮನೆಯಿಂದ ಬಾಟಲಿ ಒಯ್ದರೆ ಕೆಂಪು ನೀರು, ಜತೆಗೆ ಕಾಗದದಲ್ಲಿ ಸುತ್ತಿದ ಬಿಳಿಯ ಗುಳಿಗೆ. ಎ ಎಂದರೆ ಆಸ್ಪಿರಿನ್, ಸಿ ಎಂದರೆ ಕೆಫೀನ್, ನಡುವಿನ ಪಿ ಎಂದರೆ ಈ ಫೆನಾಸಿಟಿನ್ನೇ. ಭಾರತ ಸರ್ಕಾರ ಅದನ್ನು ನಿಷೇಧಿಸಿದ್ದು 1983ರಲ್ಲಿ. ಆ ವೇಳೆಗೆ ನನ್ನ ಬಾಲ್ಯವೂ ಆ ಗುಳಿಗೆಯೂ ಕೂಡಿಯೇ ಮುಗಿದಿದ್ದವು.

ಪ್ಯಾರಾಸಿಟಮಾಲ್ ಮೂಲೆಯಿಂದ ಎದ್ದು ಬಂದದ್ದು 1948ರಲ್ಲಿ. ಇತ್ತ ತುಂಗಭದ್ರೆಗೆ ಅಣೆಕಟ್ಟು ಏಳುತ್ತಿದ್ದ ವರ್ಷಗಳಲ್ಲಿ ಅತ್ತ ನ್ಯೂಯಾರ್ಕಿನಲ್ಲಿ ಬರ್ನಾರ್ಡ್ ಬ್ರಾಡಿ ಮತ್ತು ಜೂಲಿಯಸ್ ಆಕ್ಸೆಲ್‌ರಾಡ್ ಎಂಬಿಬ್ಬರು ಒಂದು ಸರಳ ಪ್ರಶ್ನೆಯನ್ನು ಕೇಳಿಕೊಂಡರು: ಹಳೆಯ ಅಸಿಟಾನಿಲೈಡ್ ದೇಹದೊಳಗೆ ಹೋದ ಮೇಲೆ ಏನಾಗುತ್ತದೆ? ಅದು ಬಹುಮಟ್ಟಿಗೆ ಪ್ಯಾರಾಸಿಟಮಾಲ್ ಆಗಿ ಬದಲಾಗುತ್ತದೆ, ನೋವು ತೆಗೆಯುವುದು ಈ ಬದಲಾದ ರೂಪವೇ, ರಕ್ತ ಕೆಡಿಸುವುದು ಬೇರೊಂದು ಎಂದು ತಿಳಿಯಿತು. ಹಾಗಾದರೆ ನೇರವಾಗಿ ಪ್ಯಾರಾಸಿಟಮಾಲನ್ನೇ ಕೊಡಬಹುದಲ್ಲ! 1950ರ ದಶಕದಲ್ಲಿ ಅದು ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಅಂಗಡಿಗೆ ಬಂತು. ಹೊಟ್ಟೆ ಉರಿಸುವುದಿಲ್ಲ, ರಕ್ತ ಕೆಡಿಸುವುದಿಲ್ಲ, ಮಕ್ಕಳಿಗೂ ಆಗುತ್ತದೆ. ಎಲ್ಲವೂ ನಿಜವೇ. ಆಕ್ಸೆಲ್‌ರಾಡರಿಗೆ ಬೇರೆ ಸಂಶೋಧನೆಗಾಗಿ 1970ರಲ್ಲಿ ನೊಬೆಲ್ ಬಹುಮಾನವೂ ಬಂತು.

1966ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯೊಂದರಲ್ಲಿ ಡೇವಿಡ್‌ಸನ್ ಮತ್ತು ಈಸ್ಟ್‌ಹ್ಯಾಮ್ ಎಂಬವರು ಬರೆದ ಪುಟ್ಟ ಲೇಖನವೊಂದು ಪ್ರಕಟವಾಯಿತು. ಈ ಔಷಧವನ್ನು ಮಿತಿಮೀರಿ ನುಂಗಿದ್ದ ಇಬ್ಬರು ರೋಗಿಗಳು ಸತ್ತಿದ್ದರು. ಅವರ ಯಕೃತ್ತಿನ ಜೀವಕೋಶಗಳು ಸತ್ತು ರಾಶಿಯಾಗಿದ್ದವು. ಮೆರಿಂಗನ ಪರೀಕ್ಷೆಯಿಂದ ಎಣಿಸಿದರೆ 73 ವರ್ಷಗಳ ಮೇಲೆ ಈ ಮಾತು ಹೊರಬಿದ್ದಿತು. ಇಷ್ಟು ದಿನ ಏಕೆ ತಿಳಿಯಲಿಲ್ಲ? ಹಾನಿ ಒಡನೆಯೇ ತೋರುವುದಿಲ್ಲವೆಂಬುದು ಒಂದು ಕಾರಣ. ಮಿತಿಮೀರಿ ಒಮ್ಮೆಗೇ ನುಂಗಿದವನಿಗೆ ಮೊದಲ ದಿನ ಹೊಟ್ಟೆ ತೊಳಸಿ ವಾಂತಿಯಾಗಬಹುದು. ಎರಡನೆಯ ದಿನ ಗೆಲುವಾದಂತೆ ಕಾಣುತ್ತಾನೆ, ಮನೆಯವರು ದೇವರಿಗೆ ಕಾಯಿ ಒಡೆಯುತ್ತಾರೆ. ಮೂರನೆಯ ನಾಲ್ಕನೆಯ ದಿನ ಕಣ್ಣು ಹಳದಿಯಾಗುತ್ತದೆ. ಅಷ್ಟರಲ್ಲಿ ಗುಳಿಗೆಯ ಮಾತು ಯಾರಿಗೂ ನೆನಪಿರುವುದಿಲ್ಲ. ಕಾಮಾಲೆ ಬಂತು ಎನ್ನುತ್ತಾರೆ.

ಒಳಗೆ ನಡೆಯುವುದೇನೆಂದು 1973ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಿಚೆಲ್, ಜಾಲೋ ಮೊದಲಾದವರು ಇಲಿಗಳ ಮೇಲೆ ಪ್ರಯೋಗ ಮಾಡಿ ಬಿಡಿಸಿ ತೋರಿಸಿದರು. ಆ ತಂಡದಲ್ಲಿ ಮತ್ತೆ ನಮ್ಮ ಬ್ರಾಡಿಯವರ ಹೆಸರಿದೆ. ಯಾವ ಮನುಷ್ಯ 25 ವರ್ಷಗಳ ಹಿಂದೆ ಈ ಗುಳಿಗೆಯನ್ನು ಮೂಲೆಯಿಂದ ಎತ್ತಿ ತಂದಿದ್ದನೋ ಅವನೇ ಅದರ ಅಪಾಯದ ಗುಟ್ಟನ್ನೂ ಹೊರಗೆಡಹುವವರ ಸಾಲಿನಲ್ಲಿ ನಿಂತ. ತನ್ನ ಕೃತಿಯ ದೋಷವನ್ನು ತಾನೇ ತೋರಿಸಿಕೊಟ್ಟ ಕವಿಗಳು ಎಷ್ಟು ಮಂದಿ ಸಿಕ್ಕಾರು?

ಗುಟ್ಟು ಇಷ್ಟು. ಗುಳಿಗೆಯ ಹೆಚ್ಚಿನ ಪಾಲನ್ನು ಯಕೃತ್ತು ನಿರಪಾಯವಾದ ಎರಡು ದಾರಿಗಳಲ್ಲಿ ಸಾಗಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ನೂರರಲ್ಲಿ ಐದರಿಂದ ಹತ್ತು ಪಾಲು ಮಾತ್ರ ಮೂರನೆಯ ದಾರಿ ಹಿಡಿದು ಒಂದು ಉಗ್ರವಾದ ವಸ್ತುವಾಗುತ್ತದೆ. ಅಂದರೆ ವಿಷ ಗುಳಿಗೆಯಲ್ಲಿಲ್ಲ. ಅದನ್ನು ತಯಾರಿಸುವುದು ನಮ್ಮ ಯಕೃತ್ತೇ. ಹಾಗೆ ಹುಟ್ಟಿದ್ದನ್ನು ಒಡನೆಯೇ ಹಿಡಿದು ತಣಿಸಲು ಯಕೃತ್ತಿನಲ್ಲಿ ಗ್ಲುಟಾಥಯೋನ್ ಎಂಬ ದಾಸ್ತಾನು ಇದೆ. ನಮ್ಮ ಕಡೆಯ ಹಗೇವನ್ನು ನೆನೆಸಿಕೊಳ್ಳಿ. ಹಗೇವಿನಲ್ಲಿ ಜೋಳವಿರುವ ತನಕ ಮನೆಗೆ ಬರ ತಟ್ಟುವುದಿಲ್ಲ. ಮಿತಿಯಲ್ಲಿ ಗುಳಿಗೆ ನುಂಗಿದವನ ಹಗೇವು ದಿನದಿನವೂ ತುಂಬಿಕೊಳ್ಳುತ್ತದೆ. ಮಿತಿ ಮೀರಿದರೆ ತಳ ಕಾಣುತ್ತದೆ. ಆಮೇಲೆ ಆ ಉಗ್ರವಸ್ತು ಯಕೃತ್ತಿನ ಕೋಶಗಳನ್ನೇ ತಿನ್ನತೊಡಗುತ್ತದೆ. ದಿನಗಟ್ಟಲೆ ಅನ್ನ ಬಿಟ್ಟವನ, ಮೊದಲೇ ಬಡಕಲಾದವನ ಹಗೇವು ಅರ್ಧ ಬರಿದಾಗಿಯೇ ಇರುತ್ತದೆ. ನಿತ್ಯವೂ ಕುಡಿಯುವವನಲ್ಲಿ ಆ ಮೂರನೆಯ ದಾರಿ ಅಗಲವಾಗಿರುತ್ತದೆ. ಈ ಎರಡು ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತವೆ.

ಪರಿಹಾರವೂ ಬೇಗನೆ ಬಂತು. ಎಡಿನ್‌ಬರೋದ ಪ್ರೆಸ್ಕಾಟ್ ಮತ್ತು ಅವರ ಜತೆಗಾರರು 1977ರಲ್ಲಿ ಅಸಿಟೈಲ್ ಸಿಸ್ಟೀನ್ ಎಂಬ ಔಷಧವನ್ನು ನರದ ಮೂಲಕ ಕೊಟ್ಟು ಪ್ರಾಣ ಉಳಿಸಬಹುದೆಂದು ವರದಿ ಮಾಡಿದರು. ಅದು ಅದುವರೆಗೆ ಎದೆಯ ಕಫವನ್ನು ಕರಗಿಸಲು ಬಳಸುತ್ತಿದ್ದ ಮದ್ದು! ಬರಿದಾದ ಹಗೇವನ್ನು ಮತ್ತೆ ತುಂಬುವ ಸಾಮಗ್ರಿ ಅದರಲ್ಲಿದೆ. ಎಂಟು ಗಂಟೆಯೊಳಗೆ ಕೊಟ್ಟರೆ ಯಕೃತ್ತು ಬಹುತೇಕ ಉಳಿಯುತ್ತದೆ. ತಡವಾದಷ್ಟೂ ಫಲ ಕಡಿಮೆ. ಆದರೆ ಮದ್ದು ಕೊಡಬೇಕಾದರೆ ಕಾರಣ ಗೊತ್ತಿರಬೇಕಷ್ಟೆ.

ಇಲ್ಲಿ ನಾನು ನನ್ನ ಸೋದರಮಾವನ ಸಂಗತಿಯನ್ನು ಹೇಳಬೇಕು.

2006ರಲ್ಲಿ ಚಿಕುನ್‌ಗುನ್ಯ ನಮ್ಮ ನಾಡಿಗೆ ಬಂದದ್ದು ನಿಮಗೆ ನೆನಪಿದೆ. ಆ ಒಂದೇ ವರ್ಷ ಕರ್ನಾಟಕದಲ್ಲಿ ಸುಮಾರು 7.5 ಲಕ್ಷ ಜನಕ್ಕೆ ಈ ಜ್ವರದ ಶಂಕೆಯಿತ್ತು, ದೇಶದಲ್ಲಿಯೇ ಹೆಚ್ಚು. ಗುಲ್ಬರ್ಗ, ರಾಯಚೂರು, ಬಳ್ಳಾರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ಎಲ್ಲ ಕಡೆ ಹಬ್ಬಿತು. ಆಫ್ರಿಕದ ಮಕೊಂಡೆ ಭಾಷೆಯ ಆ ಹೆಸರಿಗೆ ಬಾಗಿಸಿಬಿಡುವುದು ಎಂಬ ಅರ್ಥವಂತೆ. ನಮ್ಮವರು ಅದನ್ನು ಚಿಕನ್ ಎಂದು ಕೇಳಿಸಿಕೊಂಡು ಕೋಳಿ ತಿನ್ನುವುದನ್ನು ಬಿಟ್ಟರು! ಸೊಳ್ಳೆಗಳು ತಮ್ಮ ಪಾಡಿಗೆ ತಾವು ಇದ್ದವು. ಜ್ವರ ಮೂರು ದಿನಕ್ಕೆ ಹೋದರೂ ಕೀಲುನೋವು ತಿಂಗಳುಗಟ್ಟಲೆ ನಿಂತಿತು. ಊರಿಗೆ ಊರೇ ಗೋಡೆ ಹಿಡಿದು ನಡೆಯಿತು.

ನಾನಾಗ ಹರಪನಹಳ್ಳಿಯಲ್ಲಿ ಅಧ್ಯಾಪಕ. ಮಾವ ಕೊಟ್ಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿದ್ದರು. ಅರವತ್ತೈದರ ಆಸುಪಾಸು, ತೆಳ್ಳನೆಯ ಆಳು, ನಾಲ್ಕೆಕರೆ ಒಣಭೂಮಿ. ನಾನು ನೋಡಲು ಹೋದಾಗ ಅತ್ತೆ ಗೋಡೆಯ ಗೂಡಿನಲ್ಲಿ ಗುಳಿಗೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಸರ್ಕಾರಿ ಆಸ್ಪತ್ರೆಯವು ಒಂದು ಕಡೆ, ಊರಿಗೆ ಬರುತ್ತಿದ್ದ ವೈದ್ಯನೊಬ್ಬ ಕಾಗದದಲ್ಲಿ ಕಟ್ಟಿಕೊಟ್ಟವು ಒಂದು ಕಡೆ, ಅಂಗಡಿಯಿಂದ ತಂದ ಹಾಳೆ ಒಂದು ಕಡೆ. ಅಕ್ಷರ ಬಾರದ ಹೆಣ್ಣುಮಗಳು ಗಡಿಯಾರದ ಮುಳ್ಳು ನೋಡಿ ಒಂದು ಹೊತ್ತೂ ತಪ್ಪದಂತೆ ಕೊಡುತ್ತಿದ್ದರು. "ಇಷ್ಟೆಲ್ಲ ಒಟ್ಟಿಗೇ ಕೊಡಬಹುದೇನು ಅತ್ತೆ?" ಎಂದೆ. "ಬ್ಯಾರೆ ಬ್ಯಾರೆ ಬಣ್ಣದವು ಅದಾವಲ್ಲಪ್ಪ, ಬ್ಯಾರೆ ಬ್ಯಾರೆ ಔಷಧಾನ ಇರ್ತಾವು. ಯಾವುದಾರ ಒಂದು ಹತ್ತಬೇಕಲ್ಲ" ಎಂದರು. ಆ ಉತ್ತರ ನನಗೆ ಸರಿಯೆಂದೇ ತೋರಿತು. ಎಂ.ಎ. ಓದಿದ ನನಗೆ!

ಮಾವ ಗಂಜಿಯ ಮೇಲಿದ್ದರು, ಅದೂ ಅರ್ಧ ಲೋಟ. ಸಂಜೆ ಮಾತ್ರ ಒಂದು ಪಾಕೀಟು ಸಾರಾಯಿ. ನೋವಿಗೆ ಒಳ್ಳೆಯದೆಂದು ಅಕ್ಕಪಕ್ಕದವರ ಸಲಹೆ. (ಸರ್ಕಾರ ಸಾರಾಯಿಯನ್ನು ನಿಷೇಧಿಸಿದ್ದು ಮರುವರ್ಷ, 2007ರ ಜುಲೈಯಲ್ಲಿ.) ಹತ್ತನೆಯ ದಿನ ವಾಂತಿ ಶುರುವಾಯಿತು, ಕಣ್ಣು ಅರಿಶಿನವಾಯಿತು. ಎಲೆಯ ರಸ ಹಿಂಡುವವರ ಹತ್ತಿರ ಎರಡು ದಿನ ಹೋಯಿತು. ಗುಳಿಗೆ ಆಗಲೂ ನಿಲ್ಲಲಿಲ್ಲ, ನೋವು ಇತ್ತಲ್ಲ. ಆಮೇಲೆ ದಾವಣಗೆರೆಗೆ ಒಯ್ದೆವು. ಮೂರನೆಯ ದಿನ ತೀರಿಕೊಂಡರು. ಕಾಗದದಲ್ಲಿ ಯಕೃತ್ತಿನ ವೈಫಲ್ಯ ಎಂದು ಬರೆದಿತ್ತು. ಊರಿನಲ್ಲಿ ಕಾಮಾಲೆಯಾಗಿ ಹೋದರು ಎಂದರು.

ದಿನಕರ್ಮ ಮುಗಿದ ಮೇಲೆ ಆ ಗೂಡನ್ನು ತೆಗೆಯುವಾಗ ಚೀಟಿಗಳನ್ನೂ ಖಾಲಿ ಹಾಳೆಗಳನ್ನೂ ನಾನು ಒಂದು ಲಕೋಟೆಯಲ್ಲಿ ಹಾಕಿಕೊಂಡೆ. ಏಕೆಂದು ಕೇಳಿದರೆ ಹೇಳಲಾರೆ. ಹಸ್ತಪ್ರತಿಗಳ ಹಿಂದೆ ಓಡಾಡಿದವರಿಗೆ ಕಾಗದ ಬಿಸಾಡಲು ಕೈ ಬರುವುದಿಲ್ಲ. ಏಳು ವರ್ಷಗಳ ಮೇಲೆ, ವೈದ್ಯನಾಗಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಾಗ ಲಕೋಟೆಯನ್ನು ಅವನ ಮುಂದಿಟ್ಟೆ. ಅವನು ಹಾಳೆಗಳನ್ನು ತಿರುವಿ ಹಿಂಬದಿಯ ಸಣ್ಣಕ್ಷರಗಳನ್ನು ಓದಿದ. ಸರ್ಕಾರಿ ಚೀಟಿಯಲ್ಲಿ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಎರಡೆರಡರಂತೆ ಮೂರು ಹೊತ್ತು: 3 ಗ್ರಾಂ. ಅಂಗಡಿಯ ಹಾಳೆ ನಿಮೆಸುಲೈಡ್ ಮತ್ತು ಪ್ಯಾರಾಸಿಟಮಾಲ್ ಕೂಡಿಸಿದ್ದು. ದಿನಕ್ಕೆ ಮೂರು, ಅದರಲ್ಲಿಯೂ 500ರಂತೆ: ಒಂದೂವರೆ ಗ್ರಾಂ. ಕಾಗದದ ಕಟ್ಟಿನಲ್ಲಿ ಏನಿತ್ತೆಂದು ಯಾರೂ ಹೇಳಲಾಗದು. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು; ತೂಕ ಕಡಿಮೆಯಿದ್ದವರಿಗೆ, ಕುಡಿಯುವವರಿಗೆ ಇನ್ನೂ ಕಡಿಮೆ. "ಲೆಕ್ಕಕ್ಕೆ ಸಿಕ್ಕಿದ್ದೇ ನಾಲ್ಕೂವರೆ, ಸರ್. ಆಗ ರಕ್ತ ಪರೀಕ್ಷಿಸದೆ ಇದರಿಂದಲೇ ಹೋದರು ಅಂತ ನಾನು ಹೇಳಲಾರೆ. ಸೋಂಕಿನ ಕಾಮಾಲೆಯೂ ಇದ್ದಿರಬಹುದು. ಆದರೆ ಉಪವಾಸ, ಸಾರಾಯಿ, ಇಷ್ಟು ಗುಳಿಗೆ, ಹನ್ನೆರಡು ದಿನ..." ಎಂದು ಸುಮ್ಮನಾದ. ಮೂರು ಬಣ್ಣಗಳಲ್ಲಿ ಎರಡು ಖಂಡಿತವಾಗಿ ಒಂದೇ ಔಷಧ, ಬಹುಶಃ ಮೂರೂ.

ಆ ನಿಮೆಸುಲೈಡಿನ ಬಗೆಗೂ ಒಂದು ಮಾತು. ಅದರ ಅಪಾಯ ಬೇರೆ ಜಾತಿಯದು. ಅಲ್ಲಿ ಮಿತಿ ಮೀರಬೇಕೆಂದಿಲ್ಲ. ಸಾವಿರಾರು ಜನಕ್ಕೆ ಏನೂ ಆಗದೆ ಯಾರೋ ಒಬ್ಬರ ಯಕೃತ್ತು ಅದನ್ನು ಸಹಿಸದೆ ಹೋಗುತ್ತದೆ, ಯಾರದೆಂದು ಮೊದಲೇ ತಿಳಿಯುವುದಿಲ್ಲ. ಫಿನ್‌ಲೆಂಡ್, ಸ್ಪೇನ್ ದೇಶಗಳು ಅದನ್ನು 2002ರಲ್ಲಿ, ಐರ್ಲೆಂಡ್ 2007ರಲ್ಲಿ ಹಿಂತೆಗೆದವು. ನಮ್ಮಲ್ಲಿ 2011ರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ನಿಷೇಧವಾಯಿತು. ಡೈಕ್ಲೋಫಿನಾಕ್ ಕೂಡ ಅಪರೂಪಕ್ಕೆ ಹೀಗೆ ಮಾಡುವುದುಂಟು. ಆಸ್ಪಿರಿನ್ ಅನ್ನು ಜ್ವರವಿರುವ ಮಕ್ಕಳಿಗೆ ಕೊಡದಿರುವುದಕ್ಕೆ ಕಾರಣ, 1963ರಲ್ಲಿ ಆಸ್ಟ್ರೇಲಿಯದ ರೇ ಎಂಬ ವೈದ್ಯರು ವಿವರಿಸಿದ, ಯಕೃತ್ತನ್ನೂ ಮಿದುಳನ್ನೂ ಕೂಡಿಯೇ ಹಿಡಿಯುವ ಒಂದು ಕಾಯಿಲೆ. ಇವುಗಳ ನಡುವೆ ಪ್ಯಾರಾಸಿಟಮಾಲೇ ಸಾಧುವೆಂದು ವೈದ್ಯರು ಈಗಲೂ ಹೇಳುತ್ತಾರೆ, ನಾನೂ ತಲೆನೋವಿಗೆ ಅದನ್ನೇ ನುಂಗುತ್ತೇನೆ. ಜ್ವರಕ್ಕೆ ಎರಡು ಗುಳಿಗೆ ತೆಗೆದುಕೊಂಡ ತಾಯಂದಿರು ಈ ಭಾಷಣ ಕೇಳಿ ಹೆದರಬೇಕಾಗಿಲ್ಲ.

ಅಂಗಡಿಯ ವಿಷಯದಲ್ಲಿ ಎರಡು ಸಂಗತಿ. ನಮ್ಮ ದೇಶದ ಔಷಧ ನಿಯಮಗಳ ಪ್ರಕಾರ ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆಯಿಲ್ಲದ ಹಳ್ಳಿಯಲ್ಲಿ ಪ್ಯಾರಾಸಿಟಮಾಲ್, ಆಸ್ಪಿರಿನ್‌ನಂಥ ಮನೆಮದ್ದುಗಳನ್ನು ಮಾರಲು ಪರವಾನಗಿ ಬೇಕಿಲ್ಲ. ಹತ್ತು ಮೈಲಿ ಆಸ್ಪತ್ರೆಯಿಲ್ಲದ ಕಡೆ ಇದು ಉಪಕಾರವೇ. ಬ್ರಿಟನ್ನಿನವರು 1998ರಲ್ಲಿ ಒಂದು ಪೊಟ್ಟಣದಲ್ಲಿ ಸಾಮಾನ್ಯ ಅಂಗಡಿಯಲ್ಲಾದರೆ 16, ಔಷಧದಂಗಡಿಯಲ್ಲಾದರೆ 32 ಗುಳಿಗೆ ಎಂದು ಮಿತಿ ಹಾಕಿದರು. ಈ ಗುಳಿಗೆಯಿಂದಾಗುವ ಸಾವುಗಳು ಅಲ್ಲಿ ಇಳಿದವು. ಇನ್ನೊಂದು ಸಂಗತಿ ಲೆಕ್ಕದ್ದು. 2020, 2021ರ ಕೋವಿಡ್ ಕಾಲದಲ್ಲಿ 650 ಮಿಲಿಗ್ರಾಮಿನ ಗುಳಿಗೆ ಮನೆಮನೆಗೆ ಬಂತು. 500ರ ಗುಳಿಗೆಯನ್ನು ಎರಡೆರಡರಂತೆ ನಾಲ್ಕು ಹೊತ್ತು ನುಂಗಿದರೆ 4 ಗ್ರಾಂ. ಅದೇ ರೂಢಿಯಲ್ಲಿ 650ರದನ್ನು ನುಂಗಿದರೆ 5.2 ಗ್ರಾಂ. ಕೈ ಎಣಿಸುವುದು ಗುಳಿಗೆಯನ್ನು. ಯಕೃತ್ತು ಎಣಿಸುವುದು ಮಿಲಿಗ್ರಾಮನ್ನು. ಇದರ ಜತೆಗೆ ನೆಗಡಿಯ ಗುಳಿಗೆ, ಬೆನ್ನುನೋವಿನ ಗುಳಿಗೆ ಎಂದು ಬೇರೆ ಬೇರೆ ಹೆಸರಿನಲ್ಲಿ ಬರುವ ಹಲವದರಲ್ಲಿ ಇದೇ ಔಷಧ ಸೇರಿರುತ್ತದೆ. ಹೆಸರು ದಪ್ಪಕ್ಷರದಲ್ಲಿ, ಒಳಗಿನ ವಸ್ತು ಸಣ್ಣಕ್ಷರದಲ್ಲಿ, ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಔಷಧದ ಹಾಳೆಯ ಮೇಲೆ ಕನ್ನಡ ಏಕಿಲ್ಲವೆಂದು ನಾಮಫಲಕಗಳ ಬಗೆಗೆ ಚಳವಳಿ ಮಾಡುವ ನಮ್ಮ ಮಿತ್ರರನ್ನು ಕೇಳಬೇಕೆಂದು ನನಗೆ ಬಹಳ ದಿನದಿಂದ ಆಸೆ.

ವಿದ್ಯಾರ್ಥಿ ಹೇಳಿದ್ದನ್ನು ನಾನು ಅತ್ತೆಗೆ ಹೇಳಲಿಲ್ಲ. ಆಮೇಲೆ ಅವರು ಆರು ವರ್ಷ ಬದುಕಿದ್ದರು. ಹಬ್ಬಕ್ಕೆ ಹೋದಾಗಲೆಲ್ಲ ಮಾವನ ಮಾತು ಬರುತ್ತಿತ್ತು. "ಒಂದು ಹೊತ್ತೂ ತಪ್ಪಿಸಿರಲಿಲ್ಲ ನಾನು" ಎನ್ನುತ್ತಿದ್ದರು. "ಹೌದು ಅತ್ತೆ, ನಾನೇ ನೋಡಿದ್ದೆನಲ್ಲ" ಎನ್ನುತ್ತಿದ್ದೆ. ಅವರಿಗೂ ಮೊಣಕಾಲು ನೋವು. ಗುಳಿಗೆ ಅದೇ ಗೂಡಿನಲ್ಲಿರುತ್ತಿತ್ತು. ಹೋದಾಗಲೆಲ್ಲ ಅದನ್ನು ತೆಗೆದು, ಹಿಂಬದಿಯ ಅಕ್ಷರಗಳನ್ನು ಓದಿ, ಒಂದು ಹಾಳೆಯನ್ನು ಮಾತ್ರ ಉಳಿಸಿ ಉಳಿದವನ್ನು ಜೇಬಿಗೆ ಹಾಕಿಕೊಂಡು ಬರುತ್ತಿದ್ದೆ. ಅವರು ಏಕೆಂದು ಕೇಳಲಿಲ್ಲ.